ಶಿದ್ದಪ್ಪನವರ ನಲವತ್ತು ನಿಮಿಷ

– ಆ ಕಂಬಕ್ಕ ಕಟ್ಟಬ್ಯಾಡ್ರಿ! ಅದು ಬಾಸ್ಕೆಟ್ ಕಂಬ!

– ಕಂಬ ಇರೋದ ಕಟ್ಟಾಕ ಅಲ್ಲೇನ್ರಿ?

ಶಿದ್ದಪ್ಪನವರಿಗೂ ನನಗೂ ನಡೆದ ಮೊದಲ ಮಾತುಕತೆ ಇದು. ಹೋದ ವರ್ಷ ಜೂನ್ ತಿಂಗಳ ಎರಡನೆಯ ಸೋಮವಾರ, ಬೆಳಿಗ್ಗೆ ಆರೂ ಕಾಲು. ಬೆಂಗೇರಿಯಲ್ಲಿರುವ ನಮ್ಮ ಕ್ಲಬ್ಬಿನ ಬಾಸ್ಕೆಟ್‌ಬಾಲ್ ಅಂಗಳ. ನಾನು ಅಲ್ಲಿ ಹುಡುಗಿಯರ ತರಬೇತುದಾರ. ಶಿದ್ದಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲ ಮೇಲೆ ಟವೆಲು ಹಾಕಿಕೊಂಡು ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಏಣಿ ನಮ್ಮದೇ. ರಿಂಗಿಗೆ ಹೊಸ ಬಲೆ ಕಟ್ಟಲು ಹಿಂದಿನ ದಿನ ತಂದಿಟ್ಟದ್ದು. ಅವರ ಒಂದು ಕೈಯಲ್ಲಿ ಸುತ್ತಿದ ಫ್ಲೆಕ್ಸು, ಹಲ್ಲಿನ ನಡುವೆ ಸುತಳಿ. ಕೆಳಗೆ ಐದಡಿ ಹತ್ತಿಂಚು ಎತ್ತರದ, ಹದಿನೇಳು ವರ್ಷದ ಹುಡುಗಿಯೊಬ್ಬಳು ಬೂಟಿನ ಲೇಸನ್ನು ಬಿಚ್ಚುತ್ತಿದ್ದಳು, ಕಟ್ಟುತ್ತಿದ್ದಳು, ಮತ್ತೆ ಬಿಚ್ಚುತ್ತಿದ್ದಳು. ತಲೆ ಎತ್ತಲು ಮನಸ್ಸಿಲ್ಲದವರು ಲೇಸು ಕಟ್ಟುವ ರೀತಿ ಅದು. ಪಕ್ಕದಲ್ಲಿ ಮೊಬೈಲಿನಲ್ಲೇ ಸುದ್ದಿ ಚಾನೆಲ್ ನಡೆಸುವ ಮುತ್ತು, ನಡುವಯಸ್ಸಿನ ಮನುಷ್ಯ, ಎರಡೂ ಕೈಯಲ್ಲಿ ಮೊಬೈಲ್ ಎತ್ತಿ ಹಿಡಿದಿದ್ದ.

ನಾನು: ಯಾರ್ರಿ ತಾವು?

ಶಿದ್ದಪ್ಪ: ಭುವನೇಶ್ವರಿ ಅಪ್ಪ.

ನಾನು: ಯಾವ ಭುವನೇಶ್ವರಿ?

ಶಿದ್ದಪ್ಪ: (ಏಣಿಯ ಮೇಲಿಂದಲೇ) ಕೇಳಿದಿಲ್ಲೋ ಮುತ್ತು? ಯಾವ ಭುವನೇಶ್ವರಿ ಅಂತಾರ! ಅದಕ್ಕ ನಾ ಫ್ಲೆಕ್ಸ್ ಹಾಕೋದು. ಗೊತ್ತಿಲ್ದವ್ರಿಗೆ ಗೊತ್ತಾಗ್ಲಿ ಅಂತ.

ಮುತ್ತು: ಸರ, ಸ್ವಲ್ಪ ಬಾಜೂಕ ಸರೀರಿ. ಫ್ಲೆಕ್ಸಿಗೆ ಅಡ್ಡ ಬರಾಕತ್ತೀರಿ.

ಫ್ಲೆಕ್ಸು ಬಿಚ್ಚಿಕೊಂಡಿತು. ‘ಹುಬ್ಬಳ್ಳಿಯ ಹೆಮ್ಮೆ, ಬಾಸ್ಕೆಟ್‌ಬಾಲ್ ಸಿಂಹಿಣಿ ಕುಮಾರಿ ಭುವನೇಶ್ವರಿಗೆ ಹಾರ್ದಿಕ ಅಭಿನಂದನೆಗಳು.’ ಎಡಗಡೆ ಆಳೆತ್ತರದ ಶಿದ್ದಪ್ಪ, ಕೈ ಮುಗಿದು. ಬಲಗಡೆ ಅದರರ್ಧ ಎತ್ತರದ ಮಗಳು, ಯಾರದೋ ಮದುವೆಯಲ್ಲಿ ಸೀರೆ ಉಟ್ಟ ಫೋಟೋ. ಫ್ಲೆಕ್ಸ್ ಅಂಗಡಿಯವರು ಆಕೆಯ ಕೈಯಲ್ಲೊಂದು ಚೆಂಡು ಅಂಟಿಸಿದ್ದರು. ಕೆಳಗೆ ಸಾಲಾಗಿ, ಶುಭ ಕೋರುವ ಹದಿನಾಲ್ಕು ಮುಖಗಳು.

ನಾನು: ಅಲ್ರೀ, ಆಕಿ ಇವತ್ತ ಸೇರಾಕ ಬಂದಾಳ. ಅಭಿನಂದನಿ ಯಾತಕ್ಕ?

ಶಿದ್ದಪ್ಪ: ಸೇರಿದ್ದಕ್ಕ.

ನಾನು: ನಾ ಇನ್ನೂ ಸೇರಿಸ್ಕೊಂಡಿಲ್ಲ.

ಶಿದ್ದಪ್ಪ: ಫ್ಲೆಕ್ಸ್ ಹಾಕಿದ ಮ್ಯಾಲ ಬ್ಯಾಡ ಅಂದ್ರ ನಿಮ್ಮ ಕ್ಲಬ್ಬಿಗೇ ಕೆಟ್ಟ ಹೆಸರು ಅಲ್ಲೇನ್ರಿ?

ನಾನು: ಆಕಿ ಕೈಯಾಗ ಇರೋದು ಫುಟ್‌ಬಾಲ್ ಐತಿ.

ಶಿದ್ದಪ್ಪ: ಗುಂಡಗೈತಿಲ್ರಿ?

ಹುಡುಗಿ ಎದ್ದು, ಯಾರನ್ನೂ ನೋಡದೆ ಚೆಂಡು ತೆಗೆದುಕೊಂಡಳು. ಎರಡು ಹೆಜ್ಜೆ ಹಾಕಿ ಎತ್ತಿದಳು. ಚೆಂಡು ರಿಂಗಿಗೂ ತಾಗದೆ ಒಳಗಿಳಿಯಿತು. ಮತ್ತೊಮ್ಮೆ, ಮಗದೊಮ್ಮೆ. ಗಬ್ಬೂರಿನ ಶಾಲೆಯ ಮಣ್ಣಿನಂಗಳದಲ್ಲಿ ಕಲಿತ ಕೈ ಅದು. ನಾನು ಹೆಸರು ಬರೆದುಕೊಂಡೆ. ಆಗ ಮುತ್ತು ಮೊಬೈಲನ್ನು ಶಿದ್ದಪ್ಪನವರ ಮುಖಕ್ಕೆ ಹಿಡಿದಿದ್ದನಾದ್ದರಿಂದ ಆ ಮೂರು ಎಸೆತಗಳಿಗೆ ಸಾಕ್ಷಿ ನಾನೊಬ್ಬನೇ.

ಆಗಸ್ಟಿನಲ್ಲಿ ಅವಳ ಮೊದಲ ಪಂದ್ಯ, ಧಾರವಾಡದ ತಂಡದ ಮೇಲೆ. ಎರಡು ದಿನ ಮೊದಲು ಶಿದ್ದಪ್ಪ ದುರ್ಗದಬೈಲಿನ ತಮ್ಮ ಪಾತ್ರೆ ಅಂಗಡಿಯ ಮುಂದೆ ನಿಂತು ಮುತ್ತುವಿನ ಚಾನೆಲ್ಲಿಗೆ ಹೇಳಿಕೆ ಕೊಟ್ಟರು: ‘ನನ್ನ ಮಗಳು ನಲವತ್ತು ಪಾಯಿಂಟ್ ಹೊಡೀತಾಳ. ಉಳಿದ ಹುಡುಗ್ಯಾರು ಆಕಿಗೆ ಚೆಂಡು ಕೊಟ್ರ ಸಾಕು.’ ಭುವನೇಶ್ವರಿ, ನಮ್ಮೆಲ್ಲರ ಬಾಯಲ್ಲಿ ಭುವಿ, ಹೊಡೆದದ್ದು ಎರಡು. ಪಂದ್ಯ ಮುಗಿದ ಕೂಡಲೇ ಅವರು ಅಂಗಳದ ಗೇಟಿನ ಬಳಿ ನನ್ನನ್ನು ಹಿಡಿದರು.

ಶಿದ್ದಪ್ಪ: ಹನಮೇಶ ಸರ, ಒಂದ ಹುಡುಗಿ ಮ್ಯಾಲ ಮೂರು ಮಂದಿ ಬಿದ್ರಲ್ರಿ! ಇದು ಆಟ ಏನು?

ನಾನು: ನೀವ ಕರಸೀರಿ ಅವ್ರನ್ನ.

ಶಿದ್ದಪ್ಪ: ನಾ ಯಾವಾಗ ಕರದೆ?

ನಾನು: ನಿಮ್ಮ ವಿಡಿಯೋ ಧಾರವಾಡದ ಹುಡುಗ್ಯಾರು ಬಸ್ಸಿನ್ಯಾಗ ಬರೋವಾಗ ಮೂರು ಸಲ ನೋಡ್ಯಾರಂತ.

ಶಿದ್ದಪ್ಪ: (ಮುಖ ಅರಳಿ) ಮೂರು ಸಲ? ಏ ಮುತ್ತು, ಧಾರವಾಡದಾಗೂ ನಡದೈತಂತೋ!

ನಾನು: ಅದಕ್ಕ ಆಕೀನ್ನ ಅಲ್ಲಾಡಗೊಡ್ಲಿಲ್ಲ ಅಂತ ಹೇಳಾಕತ್ತೇನಿ.

ಶಿದ್ದಪ್ಪ: ಬಿಡ್ರಿ, ಅವ್ರು ಎದುರಿನವ್ರು. ನಮ್ಮವ್ರರ ಚೆಂಡು ಕೊಡಬೇಕಿತ್ತಿಲ್ಲೋ? ಈ ಕ್ಯಾಪ್ಟನ್ ಐದು ಸಲ ಚೆಂಡು ಹಿಡದ್ಲು. ನನ್ನ ಮಗಳ ಕಡೆ ಹೊರಳಿ ನೋಡ್ಲಿಲ್ಲ.

ಕ್ಯಾಪ್ಟನ್ ಸ್ನೇಹಲ್ ಅಲ್ಲೇ ನೀರು ಕುಡಿಯುತ್ತಿದ್ದಳು. ಬಾಟಲಿ ಕೆಳಗಿಟ್ಟು ಬಂದಳು.

ಸ್ನೇಹಲ್: ಕಾಕಾ, ನಾ ಐದು ವರ್ಷದಿಂದ ಆಡಾಕತ್ತೇನಿ. ನೀವು ವಿಡಿಯೋದಾಗ ನನಗ ‘ಉಳಿದ ಹುಡುಗ್ಯಾರು’ ಅಂದ್ರಿ.

ಶಿದ್ದಪ್ಪ: ಅಷ್ಟಕ್ಕ ಸಿಟ್ಟೇನವಾ? ಮುಂದಿನ ಫ್ಲೆಕ್ಸಿನ್ಯಾಗ ನಿಂದೂ ಫೋಟೋ ಹಾಕಸ್ತೇನಿ ತಗೋ. ಕೆಳಗ, ಸಣ್ಣದು.

ಸ್ನೇಹಲ್ ನನ್ನ ಮುಖ ನೋಡಿದಳು. ನಾನು ಆಕಾಶ ನೋಡಿದೆ.

ಎಲ್ಲರೂ ಹೋದ ಮೇಲೆ ಭುವಿ ಚೆಂಡುಗಳನ್ನು ಚೀಲಕ್ಕೆ ತುಂಬುತ್ತ ನಿಂತಿದ್ದಳು.

ಭುವಿ: ಸರ, ಅಂಗಡಿಗೆ ಬಂದ ಗಿರಾಕಿ ಎಲ್ಲಾ ನನ್ನ ಕೇಳ್ತಾರ್ರಿ, ಎಷ್ಟು ಹೊಡದೀ ಅಂತ. ಆಟ ಇಲ್ಲದ ದಿನಾನೂ ಕೇಳ್ತಾರ.

ನಾನು: ಆಟ ಬಿಡ್ತಿಯೇನು?

ಭುವಿ: ಬಿಡಂಗಿಲ್ರಿ. ನಾ ಜಿಲ್ಲಾ ತಂಡದಾಗ ಬರಬೇಕು. ಅಪ್ಪಾಗ ಮಾತು ಬಿಡಸೂದು ಹೆಂಗ, ಅದನ್ನ ಹೇಳ್ರಿ.

ನಾನು ದೈಹಿಕ ಶಿಕ್ಷಣವನ್ನು ಎರಡು ವರ್ಷ ಶ್ರದ್ಧೆಯಿಂದ ಓದಿದ್ದೇನೆ. ಉಳುಕಿದ ಕಾಲಿಗೆ ಏನು ಮಾಡಬೇಕು, ಬಿಸಿಲು ಬಡಿದರೆ ಏನು ಕೊಡಬೇಕು, ಎಲ್ಲ ಇತ್ತು. ಅಪ್ಪಂದಿರ ಪಾಠ ಇರಲಿಲ್ಲ.

ಜನವರಿಯಲ್ಲಿ ಜಿಲ್ಲಾ ಜೂನಿಯರ್ ತಂಡದ ಆಯ್ಕೆಗೆ ದಿನ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ನಮ್ಮ ಅಂಗಳದಲ್ಲೇ, ನಮ್ಮ ತಂಡಕ್ಕೂ ಉಳಿದ ಕ್ಲಬ್ಬುಗಳ ಹುಡುಗಿಯರಿಗೂ ಒಂದು ಪಂದ್ಯ ಆಡಿಸಿ. ಅದರ ಹಿಂದಿನ ಶುಕ್ರವಾರ ಭುವಿ ಫೋನ್ ಮಾಡಿದಳು: ‘ಸರ, ಲಗೂ ಅಂಗಡಿಗೆ ಬರ್ರಿ. ಮೇಡಂ ಬಂದಾರ.’ ನಾನು ದುರ್ಗದಬೈಲಿಗೆ ಹೋದಾಗ ಆಯ್ಕೆ ಸಮಿತಿಯ ಅಧ್ಯಕ್ಷೆ ಗೀತಾಂಜಲಿ ಮೇಡಂ ಪಾತ್ರೆ ಅಂಗಡಿಯಲ್ಲಿ ಹಂಡೆಗಳ ನಡುವೆ ನಿಂತು ಎದುರಿನ ವಿದ್ಯುತ್ ಕಂಬದತ್ತ ಬೆರಳು ಮಾಡಿದ್ದರು. ಅಲ್ಲಿ ಹೊಸ ಫ್ಲೆಕ್ಸು ತೂಗುತ್ತಿತ್ತು.

ಗೀತಾಂಜಲಿ: ಕೆಳಗಿನ ಸಾಲಿನ್ಯಾಗ ಮೂರನೇದವ್ರು ಯಾರ್ರಿ?

ಶಿದ್ದಪ್ಪ: ನೀವ ರೀ ಮೇಡಂ. ಛಲೋ ಬಂದೀರಿ.

ಗೀತಾಂಜಲಿ: ನನ್ನ ಫೋಟೋ ಎಲ್ಲಿಂದ ತಂದ್ರಿ?

ಶಿದ್ದಪ್ಪ: ನಿಮ್ಮ ವಾಟ್ಸಾಪಿಂದ. ಸ್ವಲ್ಪ ಬೆಳ್ಳಗ ಮಾಡ್ಸೇನಿ.

ಗೀತಾಂಜಲಿ: ನಾ ನಿಮ್ಮ ಮಗಳಿಗೆ ಶುಭ ಕೋರಿದ್ದು ಯಾವಾಗ?

ಶಿದ್ದಪ್ಪ: ಮತ್ತ ಕೆಟ್ಟದ್ದು ಕೋರ್ತೀರೇನ್ರಿ?

ಗೀತಾಂಜಲಿ: ಶಿದ್ದಪ್ಪನವರ, ಆಯ್ಕೆ ಇರೋದು ಭಾನುವಾರ. ಇವತ್ತ ಶುಕ್ರವಾರ. ‘ಜಿಲ್ಲಾ ತಂಡಕ್ಕ ಆಯ್ಕೆಯಾದ ಭುವನೇಶ್ವರಿ’ ಅಂತ ಬರಸಿ, ಆಯ್ಕೆ ಮಾಡೋ ನನ್ನ ಮಾರೀನ ಅದರಾಗ ಹಾಕಿ ಕಟ್ಟೀರಿ. ಮುಂಜಾನಿಂದ ನಾಕು ಕ್ಲಬ್ಬಿನವ್ರು ಫೋನ್ ಮಾಡ್ಯಾರ.

ಶಿದ್ದಪ್ಪ: ಅಭಿನಂದನಿ ಹೇಳಾಕ?

ಗೀತಾಂಜಲಿ: ದೂರು ಹೇಳಾಕ!

ಶಿದ್ದಪ್ಪನವರು ಸ್ಟೂಲಿನ ಮೇಲೆ ಕುಳಿತರು. ಅವರಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾದಂತಿತ್ತು.

ಶಿದ್ದಪ್ಪ: ಮೇಡಂ, ನಿಮಗ ಮಾರ್ಕೆಟ್ಟಿನ ಪದ್ಧತಿ ಗೊತ್ತಿಲ್ಲ. ಹೋದ ಗಣಪತಿ ಹಬ್ಬದ ಫ್ಲೆಕ್ಸಿನ್ಯಾಗ ಈ ಬಾಜೂ ಅಂಗಡಿ ಲಕ್ಕಪ್ಪನ ಫೋಟೋ ಬಿಟ್ಟಿತ್ರಿ. ಮೂರು ತಿಂಗಳು ಅಂವ ನನ್ನ ಮಾರಿ ನೋಡ್ಲಿಲ್ಲ. ನಿಮ್ಮ ಫೋಟೋ ಬಿಟ್ರ ನೀವೂ ಸಿಟ್ಟಾಗಿ ಹುಡುಗಿ ಹೆಸರು ಬಿಡ್ತೀರಿ ಅಂತ ಅಂಜಿ ಹಾಕೇನಿ.

ಗೀತಾಂಜಲಿ: ಹಾಕಿದ್ದಕ್ಕ ಈಗ ಬಿಡಬೇಕಾಗೇತಿ!

ಲಕ್ಕಪ್ಪ: (ಪಕ್ಕದ ಅಂಗಡಿಯಿಂದ) ಈ ಸಲಾನೂ ನನ್ನ ಫೋಟೋ ಮೂಲ್ಯಾಗ ಹಾಕ್ಯಾನ್ರಿ ಮೇಡಂ!

ಭುವಿ ಒಂದು ತಪ್ಪಲೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಅದನ್ನು ಕೆಳಗಿಡಬೇಕೆಂಬುದೂ ಅವಳಿಗೆ ಹೊಳೆದಿರಲಿಲ್ಲ. ನಾನು ಬಾಯಿ ಹಾಕಿದೆ.

ನಾನು: ಮೇಡಂ, ಇದರಾಗ ಹುಡುಗಿ ತಪ್ಪು ಏನೈತ್ರಿ?

ಗೀತಾಂಜಲಿ: ಏನೂ ಇಲ್ಲ. ಅದಕ್ಕ ಬಂದೇನಿ. ಕೇಳ್ರಿ, ಆಕಿ ಆಟಕ್ಕ ನಾ ಅಂಕ ಹಾಕೂದಿಲ್ಲ. ಉಳಿದಿಬ್ಬರು ಹಾಕ್ತಾರ. ಫ್ಲೆಕ್ಸ್ ಈಗಿಂದೀಗ ಇಳೀಬೇಕು. ಭಾನುವಾರ ಆಟ ನಡ್ಯೋ ನಲವತ್ತು ನಿಮಿಷದಾಗ ನಿಮ್ಮ ಬಾಯಿಂದ ಒಂದ ಮಾತು ಬಂದ್ರ, ಆಕಿ ಹೆಸರು ಹೊಡದು ಹಾಕ್ತೇನಿ.

ಶಿದ್ದಪ್ಪ: ಕೆಮ್ಮಿದ್ರ?

ಗೀತಾಂಜಲಿ: ಕೆಮ್ಮರಿ.

ಶಿದ್ದಪ್ಪ: ಚಪ್ಪಾಳಿ?

ಗೀತಾಂಜಲಿ: ಇಲ್ಲ.

ಶಿದ್ದಪ್ಪ: ಹಂಗಾರ ನಾ ಮನ್ಯಾಗ ಇರ್ತೇನಿ ಬಿಡ್ರಿ.

ಭುವಿ: ಬ್ಯಾಡ. ಮನ್ಯಾಗಿದ್ರ ಮುತ್ತು ಮಾಮಾಗ ಫೋನ್ ಹಚ್ಚಿ ಮಾತಾಡ್ತಿ. ನೀ ಬಾ. ಎಲ್ಲಾರ ಮುಂದ ಕುಂದ್ರು.

ಮೇಡಂ ಹೋದರು. ಫ್ಲೆಕ್ಸಿನ ಸುದ್ದಿ ಮಾಡಲು ಬಂದಿದ್ದ ಮುತ್ತು ಎದುರಿನ ಕಂಬದ ಬಳಿ ನಿಂತಿದ್ದ. ಭುವಿ ತಪ್ಪಲೆ ಕೆಳಗಿಟ್ಟು ಅವನನ್ನು ಕರೆದಳು.

ಭುವಿ: ಮಾಮಾ, ಮೊಬೈಲ್ ಚಾಲೂ ಮಾಡ್ರಿ. ಹೇಳಿಕಿ ಕೊಡೂದೈತಿ.

ಶಿದ್ದಪ್ಪ: ಶಾಣ್ಯಾಕಿ ಆದಿ ನನ್ನ ಮಗಳ! ಹಿಂಗ ಬಾ, ಹಂಡೇದ ಮುಂದ ನಿಂದ್ರು. ಬೆಳಕು ಛಲೋ ಬೀಳತೈತಿ.

ಭುವಿ: ನಮಸ್ಕಾರ್ರಿ. ಈ ಭಾನುವಾರ ಮುಂಜಾನಿ ಒಂಬತ್ತಕ್ಕ, ಬೆಂಗೇರಿ ಅಂಗಳದಾಗ, ನಮ್ಮ ಅಪ್ಪಾರು ದುರ್ಗದಬೈಲ್ ಶಿದ್ದಪ್ಪನವರು ನಲವತ್ತು ನಿಮಿಷ ಒಂದ ಮಾತೂ ಆಡೂದಿಲ್ಲ. ಗ್ಯಾರಂಟಿ. ಎಲ್ಲಾರೂ ಬಂದು ನೋಡ್ರಿ.

ಶಿದ್ದಪ್ಪ: ಏ ಹುಚ್ಚಿ! ನನ್ನ ಕೇಳದ ಮಂದಿಗೆ ಮಾತು ಕೊಡ್ತಿಯೇನ?

ಭುವಿ: ಆಗತೈತಿ ಬಿಡಪಾ. ನಿನ್ನ ಮ್ಯಾಲ ನನಗ ವಿಶ್ವಾಸ ಐತಿ.

ಭಾನುವಾರ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಬಂದಿತ್ತು. ಬಾಸ್ಕೆಟ್‌ಬಾಲ್ ಎಂದರೆ ಏನೆಂದು ತಿಳಿಯದ ಬಟ್ಟೆ ಅಂಗಡಿಯವರು, ಬಳೆ ಅಂಗಡಿಯವರು, ಎಲ್ಲರೂ ಅಂಗಳಕ್ಕೆ ಬೆನ್ನು ಹಾಕಿ, ಪ್ರೇಕ್ಷಕರ ಮೆಟ್ಟಿಲ ಮೇಲೆ ಒಬ್ಬರೇ ಕುಳಿತ ಶಿದ್ದಪ್ಪನವರ ಕಡೆ ಮುಖ ಮಾಡಿ ಕುಳಿತರು. ಸೀಟಿ ಕೇಳಿಸಿತು.

ಮುತ್ತು: (ಮೊಬೈಲಿಗೆ) ವೀಕ್ಷಕರ, ಆಟ ಚಾಲೂ ಆಗೇತಿ. ಶಿದ್ದಪ್ಪನವರು ತುಟಿ ಬಿಗಿ ಹಿಡದಾರ.

ಲಕ್ಕಪ್ಪ: ಶಿದ್ದಪ್ಪಣ್ಣ, ಚಹಾ ತರಸ್ಲೇನು?

ಶಿದ್ದಪ್ಪ ತಲೆಯಾಡಿಸಿದರು.

ಲಕ್ಕಪ್ಪ: ಸಕ್ಕರಿ ಹಾಕಿದ್ದೋ, ಹಾಕದ್ದೋ?

ಶಿದ್ದಪ್ಪ ಲಕ್ಕಪ್ಪನನ್ನು ನೋಡಿದ ನೋಟದಲ್ಲಿ ಒಂದು ದೊಡ್ಡ ಭಾಷಣವಿತ್ತು. ಜನ ನಕ್ಕರು. ತಡವಾಗಿ ಬಂದ ಬಳೆ ಅಂಗಡಿಯ ಅಹಮದಸಾಬರು ನನ್ನ ಪಕ್ಕ ಬಂದು ನಿಂತರು.

ಅಹಮದಸಾಬ: ಸರ, ಯಾರು ಗೆಲ್ಲಾಕತ್ತಾರ್ರಿ?

ನಾನು: ನಮ್ಮ ತಂಡ ಆರು ಪಾಯಿಂಟ್ ಮುಂದೈತ್ರಿ.

ಅಹಮದಸಾಬ: ಅದಲ್ರಿ. ಶಿದ್ದಪ್ಪ ಹೆಂಗದಾನ?

ಎದುರು ತಂಡದಲ್ಲಿ ಭುವಿಯನ್ನು ತಡೆಯಬೇಕಾದ ಹುಡುಗಿಯೂ ಆಗಾಗ ಮೆಟ್ಟಿಲ ಕಡೆ ಕಣ್ಣು ಹಾಯಿಸುತ್ತಿದ್ದಳು. ಆ ಸಂದಿಯಲ್ಲಿ ಭುವಿ ನುಗ್ಗಿದಳು. ತಾನು ಹೊಡೆಯಬಹುದಾಗಿದ್ದ ಚೆಂಡನ್ನು ಸ್ನೇಹಲ್‌ಗೆ ಕೊಟ್ಟಳು. ಮುಂದಿನ ಸಲ ಸ್ನೇಹಲ್ ಅವಳಿಗೆ ಕೊಟ್ಟಳು. ‘ಎಷ್ಟು ಹೊಡದೀ’ ಎಂದು ಕೇಳುವವರು ಒಬ್ಬರೂ ಇರಲಿಲ್ಲ.

ಮೂವತ್ತನೆಯ ನಿಮಿಷಕ್ಕೆ ಅನಾಹುತ ಆಗುವುದರಲ್ಲಿತ್ತು. ಚೆಂಡು ಹಿಡಿದು ಭುವಿ ಎರಡೇ ಹೆಜ್ಜೆ ಹಾಕಿದ್ದಳು. ರೆಫರಿ ಮೂರು ಹೆಜ್ಜೆಯಾಯಿತು, ತಪ್ಪು ಎಂದು ಸೀಟಿ ಊದಿದರು. ಶಿದ್ದಪ್ಪ ಎದ್ದು ನಿಂತರು. ಬಾಯಿ ತೆರೆಯಿತು. ಇಡೀ ದುರ್ಗದಬೈಲ್ ಉಸಿರು ಹಿಡಿಯಿತು. ಗೀತಾಂಜಲಿ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಶಿದ್ದಪ್ಪ ಹೆಗಲ ಟವೆಲನ್ನು ಎಳೆದು, ಅರ್ಧದಷ್ಟು ಬಾಯಿಗೆ ತುರುಕಿಕೊಂಡು ಕುಳಿತರು. ಚಪ್ಪಾಳೆ ಬಿತ್ತು. ರೆಫರಿ ತಮಗೇ ಎಂದುಕೊಂಡು ತಲೆಬಾಗಿದರು.

ಆಟ ಮುಗಿದಾಗ ಭುವಿಯದು ಹದಿನಾಲ್ಕು ಪಾಯಿಂಟು. ಅರ್ಧ ತಾಸಿನ ನಂತರ ಹನ್ನೆರಡು ಹೆಸರು ಓದಿದರು. ಹನ್ನೊಂದನೆಯದು ಅವಳದು. ಮುತ್ತು ಓಡಿದ, ಅವಳ ಕಡೆಗಲ್ಲ, ಮೆಟ್ಟಿಲ ಕಡೆಗೆ.

ಮುತ್ತು: ಹೇಳ್ರಿ ಶಿದ್ದಪ್ಪನವರ, ಏನನಿಸ್ತು?

ಶಿದ್ದಪ್ಪ: (ಟವೆಲು ತೆಗೆದು) ನೀರು ಕೊಡ್ರಿ.

ಮುತ್ತು: ಮಗಳ ಬಗ್ಗೆ ಎರಡು ಮಾತು?

ಶಿದ್ದಪ್ಪ: ಎಲ್ಲಾರೂ ನನ್ನ ಬಾಯಿನ ನೋಡಾಕತ್ತಿದ್ರೋ ಮುತ್ತು. ಯಾವಾಗ ತಪ್ಪತಾನ ಅಂತ ಕಾಯಾಕತ್ತಿದ್ರು. (ಭುವಿಯತ್ತ ತಿರುಗಿ) ಅಲ್ಲವಾ, ಅಪ್ಪಗ ಹಿಂತಾ ಶಿಕ್ಷಾ ಕೊಡ್ತಾರೇನು?

ಭುವಿ: ನಿಂದು ನಲವತ್ತು ನಿಮಿಷಕ್ಕ ಮುಗೀತಪಾ. ನಂದು ಜೂನ್ ತಿಂಗಳಿಂದ ನಡದೈತಿ.

ಶಿದ್ದಪ್ಪ ಟವೆಲನ್ನು ಮಡಚತೊಡಗಿದರು. ಮುತ್ತು ಮೊಬೈಲನ್ನು ಇನ್ನಷ್ಟು ಹತ್ತಿರ ತಂದ.

ಗೀತಾಂಜಲಿ: ಆಟ ಮುಗದೈತ್ರಿ ಶಿದ್ದಪ್ಪನವರ. ಈಗ ಮಾತಾಡಬಹುದು.

ಶಿದ್ದಪ್ಪ ಕೈ ಚಾಚಿ ಮುತ್ತುವಿನ ಮೊಬೈಲನ್ನು ಮೆಲ್ಲಗೆ ಮಗಳ ಕಡೆಗೆ ತಿರುಗಿಸಿದರು. ಭುವಿ ಅದಕ್ಕೂ ಬೆನ್ನು ಮಾಡಿ ಸ್ನೇಹಲ್ ಜೊತೆ ಚೆಂಡು ಆಯಲು ಹೋದಳು.

ಮುತ್ತುವಿನ ಚಾನೆಲ್ಲಿನಲ್ಲಿ ಇವತ್ತಿಗೂ ಅತಿ ಹೆಚ್ಚು ಮಂದಿ ನೋಡಿರುವುದು ಶಿದ್ದಪ್ಪನವರು ಏನೂ ಮಾತಾಡದ ಆ ವಿಡಿಯೋ. ಇನ್ನೊಂದು ಮಾಡೋಣವೆಂದು ಅವನು ಎರಡು ಸಲ ಅಂಗಡಿಗೆ ಹೋಗಿ ಬಂದ. ಎರಡು ಸಲವೂ ವಿಡಿಯೋ ಸಿಗದೆ, ಒಂದೊಂದು ಡಬರಿ ಪಾತ್ರೆ ಕೊಂಡು ಮರಳಿದ.

ಶಿದ್ದಪ್ಪನವರು ಈಗ ಪ್ರತಿ ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಬರುತ್ತಾರೆ. ಅಂಗಡಿಯಿಂದ ತಂದ ಹಂಡೆಗೆ ನೀರು ತುಂಬುತ್ತಾರೆ, ಹುಡುಗಿಯರು ಕುಡಿದಿಟ್ಟ ಲೋಟಗಳನ್ನು ತೊಳೆದು ಬೋರಲು ಹಾಕುತ್ತಾರೆ.