ಅಲ್ಲಾಡಿಸಿ ತಂದ ಡಬ್ಬ

ಕಣ್ಣಿಗೆ ಕಾಣಬೇಕಾದ ಚಿತ್ರವನ್ನು ಕಿವಿಯಿಂದ ಆರಿಸಿ ತಂದ ಮನುಷ್ಯ ಲೋಕದಲ್ಲಿ ಯಾರಾದರೂ ಇದ್ದರೆ ಅದು ಹಾರನಹಳ್ಳಿಯ ನಮ್ಮ ಸೋದರಮಾವ! ನೀವು ನಗಬಹುದು. ನನಗೆ ಮಾತ್ರ ಇವತ್ತಿಗೂ ಏಣಿ ಕಂಡರೆ ಅಂಗೈ ಬೆವರುತ್ತದೆ.

ಅತ್ತೆಯ ಕಣ್ಣು ಮಂಜಾಗಿತ್ತು. ಪೊರೆ ತೆಗೆಸಿ, ಕನ್ನಡಕ ಬದಲಿಸಿ, ಎಲ್ಲ ಆದ ಮೇಲೆ ಡಾಕ್ಟರು ಇನ್ನು ಇಷ್ಟೇ ಎಂದರು. ಧಾರಾವಾಹಿಯಲ್ಲಿ ಒಬ್ಬಳು ಹಾಲಿಗೆ ವಿಷ ಬೆರೆಸುತ್ತಿದ್ದರೆ ಅದು ಕಾಣದೆ, ಪಾಪ, ಎಷ್ಟು ಕೆಲಸ ಮಾಡ್ತಾಳೆ ಎಂದು ಅವಳಿಗೇ ಮರುಗುತ್ತಿದ್ದರು! ಕೊನೆಗೆ ಟೀವಿ ಮುಂದೆ ಕೂರುವುದನ್ನೇ ಬಿಟ್ಟರು. ಅಷ್ಟರಲ್ಲಿ ಎಚ್‌ಡಿ ಬಂತು. ಅದರಲ್ಲಿ ಮುಖದ ಮೇಲಿನ ಸಾಸಿವೆಯಷ್ಟು ಮಚ್ಚೆಯೂ ಕಾಣುತ್ತದೆಂದು ಯಾರೋ ಬಾಣಾವರದ ಸ್ಟೇಷನ್ನಿನಲ್ಲಿ ಮಾವನಿಗೆ ಹೇಳಿದರು. ಡಾಕ್ಟರು ಕೈಬಿಟ್ಟದ್ದನ್ನು ಎಚ್‌ಡಿ ವಾಸಿಮಾಡುತ್ತದೆಂದು ಮಾವ ನಿಂತ ನಿಲುವಿನಲ್ಲೇ ತೀರ್ಮಾನಿಸಿದರು. ಹೊಸ ಟೀವಿ ಬಂತು. ಅದಕ್ಕೆ ತಕ್ಕ ಸೆಟ್‌ಟಾಪ್ ಬಾಕ್ಸ್ ಬೇಡವೇ?

ಅರಸೀಕೆರೆಯ ಅಂಗಡಿಗೆ ನನ್ನನ್ನೂ ಕರೆದೊಯ್ದರು, ವಿಜ್ಞಾನ ಓದಿದವನೆಂಬ ಗೌರವದಿಂದ. ಆ ಗೌರವ ಅಂಗಡಿಯ ಬಾಗಿಲವರೆಗೆ ಬಾಳಿತು. ಒಳಗೆ ಹೋದವರೇ ಒಂದೊಂದು ಡಬ್ಬವನ್ನೂ ಎತ್ತಿ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸತೊಡಗಿದರು. ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಹಾಗೆ ಅಲ್ಲಾಡಿಸಿದಾಗ ಒಳಗಿನ ಕೊಬ್ಬರಿ ಗುಡುಗುಡು ಎಂದರೆ ಹದವಾಗಿದೆ ಎಂದರ್ಥ. ಆ ವಿಷಯದಲ್ಲಿ ನಮ್ಮ ಕಡೆ ಮಾವನ ಕಿವಿಗೆ ಎದುರಿಲ್ಲ. ಆದರೆ ಡಬ್ಬ?

ಎಲ್ಲವೂ ಮೌನವಾಗಿದ್ದವು. ಮೂಲೆಯಲ್ಲಿದ್ದ ಒಂದು ಮಾತ್ರ ಗಡಗಡ ಎಂದಿತು.

"ಇದೇ ಕೊಡಿ."

"ಯಜಮಾನ್ರೇ, ಅದು ಕೆಟ್ಟಿರೋ ಪೀಸು, ವಾಪಸ್ ಕಳ್ಸಕ್ಕೆ ಇಟ್ಟಿದೀನಿ."

"ಒಳ್ಳೇದನ್ನ ನೀವು ಮೂಲೇಲಿ ಬಚ್ಚಿಡೋದು ನಂಗೊತ್ತಿಲ್ವಾ?" ಎಂದರು ಮಾವ, ವಿಜಯದ ನಗೆ ನಗುತ್ತ. ನಾನು ಬಾಯಿ ತೆರೆದೆ. ಮಾವ ಡಬ್ಬವನ್ನು ನನ್ನ ಕೈಗಿಟ್ಟರು, ಬಾಯಿ ಮುಚ್ಚಿಕೊಂಡೆ.

ಮನೆಯಲ್ಲಿ ಚಿತ್ರ ಚೂರುಚೂರಾಗಿ ಬಂದು ನಿಂತಿತು. ಡಬ್ಬ ತಪ್ಪಿರಲು ಸಾಧ್ಯವೇ? ಖುದ್ದಾಗಿ ಕಿವಿಗೊಟ್ಟು ತಂದದ್ದು! ತಪ್ಪು ಡಿಶ್ಶಿನದೇ ಎಂದು ಮಾವ ಪಂಚೆ ಎತ್ತಿ ಕಟ್ಟಿ ಹಂಚಿನ ಮಾಡು ಹತ್ತಿದರು. ಡಿಶ್ ತಿರುಗಿಸಿ ಕಾಣ್ತೈತಾ ಎಂದು ಕೂಗುವುದು, ಒಳಗಿನಿಂದ ಅತ್ತೆ ಇಲ್ಲ ಎನ್ನುವುದು. ನಾನು ಕೆಳಗೆ ಏಣಿ ಹಿಡಿದು ನಿಂತಿದ್ದೆ.

ಆಗ ಹಂಚು ಜಾರಿತು.

ಎರಡು ಹಂಚು ಕೆಳಗಿನ ಬಟ್ಟೆ ಒಗೆಯುವ ಕಲ್ಲಿಗೆ ಬಿದ್ದು ಪುಡಿಯಾದವು. ಅವುಗಳ ಹಿಂದೆಯೇ ಜಾರಿದ ಮಾವ ಡಿಶ್ಶಿನ ಕಂಬ ಹಿಡಿದು ನೇತಾಡುತ್ತಿದ್ದರು. ಆ ಕಲ್ಲಿನ ಮೇಲೆ ತೂಗುತ್ತಿದ್ದ ಎರಡು ಹಿಮ್ಮಡಿಗಳನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತೇನೆ. ಅಯ್ಯೋ ಎನ್ನಬೇಕೋ ಬೇಡವೋ ಮನುಷ್ಯ? ಅವರು ಕೇಳಿದ್ದು ಒಂದೇ: "ಈಗ ಕಾಣ್ತೈತೇನೇ?"

ಒಳಗಿನಿಂದ ಅತ್ತೆ, "ಹೂಂ ಕಣ್ರೀ, ಎಲ್ಲಾ ಕಾಣ್ತೈತೆ. ಇಳ್ದು ಬನ್ನಿ."

ನಾನು ಏಣಿ ಎಳೆದು ಅವರ ಕಾಲಡಿಗೆ ತಂದರೆ, ಮಾವ ಕಾಲೇ ಇಡಲೊಲ್ಲರು! "ಅಲ್ಲಾಡಿಸ್ಬೇಡ ಕಣೋ. ಚಿತ್ರ ಹೋಗ್ಬುಡ್ತೈತೆ."

ಹೇಗೆ ಇಳಿಸಿದೆನೋ ದೇವರಿಗೇ ಗೊತ್ತು. ಒಳಗೆ ಹೋದೆವು. ಫ್ಯಾನು ನಿಂತಿತ್ತು, ಟೀವಿ ಕಪ್ಪಗಿತ್ತು. ಕರೆಂಟೇ ಇರಲಿಲ್ಲ.

"ಎಲ್ಲಾ ಕಾಣ್ತೈತೆ ಅಂದ್ಯಲ್ಲೇ?"

"ಹಂಚು ಬಿದ್ದಿದ್ದು ಕೇಳ್ತು," ಎಂದರು ಅತ್ತೆ. ರಿಮೋಟನ್ನು ಇನ್ನೂ ಬಿಗಿಯಾಗಿ ಹಿಡಿದೇ ಇದ್ದರು.

ಮಾವ ಅವರ ಪಕ್ಕ ಕುಳಿತು, ರಿಮೋಟನ್ನು ಮೆಲ್ಲಗೆ ಬಿಡಿಸಿ ಕೆಳಗಿಟ್ಟು, ಆ ಕೈಯನ್ನು ಹಿಡಿದುಕೊಂಡರು.

ಮಾರನೆಯ ದಿನ ಗಡಗಡ ಎನ್ನದ ಡಬ್ಬ ಬಂತು. ಚಿತ್ರ ಈಗ ಕನ್ನಡಿಯಂತಿದೆ. ಅತ್ತೆಗೆ ಮಾತ್ರ ಅದೇ ಮಂಜು. ಆದರೂ ಸಂಜೆಯಾದರೆ ಇಬ್ಬರೂ ಟೀವಿ ಮುಂದೆ ಕೂರುತ್ತಾರೆ. ತೆರೆಯ ಮೇಲೆ ಒಂದು ಕೈ ಮಾತ್ರ ಕಂಡರೆ ಮಾವ ನೋಡಿ ನೋಡಿ ಹೇಳುತ್ತಾರೆ, "ಸೊಸೆ ಹಾಲಿಗೆ ಏನೋ ಹಾಕ್ತಾವ್ಳೆ ಕಣೇ."

"ಸೊಸೆಯಲ್ಲ ಕಣ್ರೀ, ಬಳೆ ಸದ್ದು ಕೇಳಿ. ಅದು ಅತ್ತೆ."

ಮಾವ ಕಣ್ಣು ಮುಚ್ಚಿ, ಕಾಯಿ ಅಲ್ಲಾಡಿಸಿದಾಗ ಮಾಡುವಂತೆಯೇ ಕಿವಿ ವಾಲಿಸಿ, ಒಂದು ಗಳಿಗೆ ಆಲಿಸುತ್ತಾರೆ. "ಹೂಂ," ಎನ್ನುತ್ತಾರೆ. "ನೀನು ಹೇಳಿದ್ದೇ ಸರಿ."