ಧೂಮಾಸುರನ ಕೊಂಬಿನ ಹೊಗೆ

ಧೂಮಾಸುರನ ಮೈಯಿಂದ ಹೊಗೆಯೇ ಬರದಿದ್ದರೆ ಅವನೆಂಥ ಧೂಮಾಸುರ? ಗಿರಿಮಲ್ಲಪ್ಪನ ತಲೆ ಹೊಕ್ಕ ಹುಳ ಇದೇ. ಬನಹಟ್ಟಿಯ ಈ ನೇಕಾರ ಮಗ್ಗದ ಕುಣಿಯಲ್ಲಿ ಕೂತರೆ ಮೊಲದಂಥವನು. ವೇಷ ಹಾಕಿದನೆಂದರೆ ಮಾತ್ರ ಏಳು ಸಮುದ್ರದಾಚೆಯ ಗುಹೆಯಿಂದ ಈಗಷ್ಟೇ ಎದ್ದು ಬಂದವನ ಹಾಗೆ ಗರ್ಜಿಸುವನು. ಇಂದು ಮಧ್ಯಾಹ್ನದ ಬಯಲಾಟಕ್ಕೆ ಜಮಖಂಡಿ ಸಂಸ್ಥಾನದ ಕಾರಭಾರಿಗಳು ಬರುವವರಿದ್ದರು. ಮೆಚ್ಚಿದ ಪಾತ್ರಧಾರಿಯ ತಲೆಗೆ ತಮ್ಮ ಕೈಯಾರೆ ಜರಿ ರುಮಾಲು ಸುತ್ತುವರಂತೆ. ಆ ರುಮಾಲು ಗಿರಿಮಲ್ಲಪ್ಪನ ಕನಸಿನಲ್ಲಿ ನವಿಲಿನಂತೆ ಕುಣಿದಿತ್ತು.

ಮುಂಜಾನೆ ಕಿರೀಟದ ಬಿದಿರಿನ ಕೊಂಬಿನೊಳಗೆ ಕೆಂಡ, ಲೋಬಾನ ಇಟ್ಟು ನೋಡಿದ. ಹೊಗೆ ಬಂತು. ಅದರ ಜೊತೆಗೆ ನೂಲಿನ ಗಡ್ಡ ಅರ್ಧ ಸುಟ್ಟು ಹೋಯಿತು.

ಹೆಂಡತಿ ಮುತ್ತವ್ವ ಒಂದು ಕೊಡ ನೀರು ಸುರಿದು ಗುಡುಗಿದಳು: “ರಾಕ್ಷಸನ್ನ ರಾಜಕುಮಾರ ಕೊಲ್ಲಬೇಕ್ರೀ, ಕೆಂಡ ಅಲ್ಲ! ಇನ್ನೊಮ್ಮೆ ಬೆಂಕಿ ಮುಟ್ಟಿದ್ರ ನಾ ತವರಿಗೆ ನಡದೆ!”

“ಹೊಗಿ ಇಲ್ಲದ ಹ್ಯಾಂಗ ಬೇ?”

“ಉಗಿ ಬಿಡ್ರಿ. ದೂರ ಕುಂತವರಿಗೆ ಎರಡೂ ಒಂದ.”

ಅವಳೇ ಕೂತು ಸೊಂಟದವರೆಗೆ ಇಳಿಯುವ ಹೊಸ ಗಡ್ಡ ಕಟ್ಟಿದಳು. ಕುದಿಯುವ ನೀರಿನ ತಂಬಿಗೆಗೆ ಹಳೆಯ ಕೌದಿ ಸುತ್ತಿ ಅವನ ಬೆನ್ನಿಗೆ ಗೂನಿನಂತೆ ಬಿಗಿದಳು. ತಂಬಿಗೆಯ ಬಾಯಿಂದ ಎರಡು ಪಪ್ಪಾಯಿ ದಂಟು ಹೊರಟು ಎರಡು ಕೊಂಬು ಸೇರಿದವು. ಗಿರಿಮಲ್ಲಪ್ಪ ಅಂಗಳದಲ್ಲಿ ಒಂದು ಸುತ್ತು ಹಾಕಿದ. ಕೊಂಬಿನಿಂದ ಬೆಳ್ಳಗೆ ಉಗಿ! ಮೈಗೆ ಬಿಸಿಯೇ ತಾಗಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಈರಪ್ಪ ಗೋಡೆಯ ಮೇಲಿಂದ ಕತ್ತು ಚಾಚಿದ. “ನೀರು ಏಸೊತ್ತು ಬಿಸಿ ಇರತಾವಲೇ? ನೀ ಆಟದ ಅಟ್ಟ ಏರೂದ್ರಾಗ ತಣ್ಣಗ ಆಗತಾವ.”

“ನಮ್ಮ ಗಂಜಿ ಹಾಕ್ರಿ,” ಎಂದಳು ಅವನ ಹೆಂಡತಿ ಶಂಕ್ರೆವ್ವ. “ಮುಂಜಾನಿ ಇಳಿಸಿದ್ದು ಸಂಜಿತನಕ ಹೊಗಿ ಆಡತದ.”

ನೂಲು ಗಟ್ಟಿಯಾಗಲು ಹಚ್ಚುವ ಶಂಕ್ರೆವ್ವನ ಗಂಜಿಯ ವಿಷಯದಲ್ಲಿ ಬನಹಟ್ಟಿಯಲ್ಲಿ ಎರಡು ಮಾತಿಲ್ಲ. ನೀರು ಚೆಲ್ಲಿ ಗಂಜಿ ತುಂಬಿದರು. ತುಂಬಿದ ಮೇಲೆ ಜಿಗಿಯಬೇಡ ಎಂದು ಯಾರೂ ಹೇಳಲಿಲ್ಲ.

ಧೂಮಾಸುರ ಅಟ್ಟ ಏರಿದಾಗ ಎರಡೂ ಕೊಂಬಿನಿಂದ ಉಗಿ ಸುರುಳಿಯಾಗಿ ಎದ್ದಿತು. ಹೆಂಗಸರು ಮಕ್ಕಳ ಕಣ್ಣು ಮುಚ್ಚಿದರು. ಕಾರಭಾರಿಗಳು ಕುರ್ಚಿಯ ತುದಿಗೆ ಬಂದರು. ಆಟದ ಮಾಸ್ತರ ಶಿದ್ರಾಮಪ್ಪ ಮದ್ದಳೆ ಬಿಟ್ಟು ಕಣ್ಣೊರೆಸಿಕೊಂಡ. “ನಮ್ಮೂರ ರಾಕ್ಷಸ್ರೀ!” ಎಂದು ಯಾರೋ ಕೂಗಿದರು. ಗಿರಿಮಲ್ಲಪ್ಪನ ಎದೆ ಉಬ್ಬಿತು. ಎದೆ ಉಬ್ಬಿದ ರಾಕ್ಷಸ ಜಿಗಿಯದೆ ಇರುತ್ತಾನೆಯೇ?

ಜಿಗಿದು ಮುಂದಕ್ಕೆ ಬಾಗಿದ. ಕೊಂಬುಗಳಿಂದ ಗಂಜಿ ಪಚಕ್ಕನೆ ಚಿಮ್ಮಿತು. ಸುಡುವಷ್ಟಿರಲಿಲ್ಲ, ಆದರೆ ಕಿರೀಟದೊಳಗೆ ಇಳಿಯಿತು, ಮೀಸೆಗೆ ಇಳಿಯಿತು, ಗಡ್ಡದುದ್ದಕ್ಕೂ ಹರಿಯಿತು. ಮೇಲೆ ರಣಬಿಸಿಲು, ಬಿಸಿಗಾಳಿ. “ಎಲವೋ ರಾಜ...” ಎಂದವನ ತುಟಿ ಅಲ್ಲಿಗೇ ಅಂಟಿಕೊಂಡಿತು.

ಮುಂದಿನ ಸಾಲಿನ ನೇಕಾರರು ಚಡಪಡಿಸಿದರು. ಗಂಜಿ ಹತ್ತಿದ ನೂಲು, ಎಳೆ ಬಿಡಿಸುವ ಕುಂಚ ಕಾಣದೆ ಒಣಗುವುದೆಂದರೆ ಅವರ ಪಾಲಿಗೆ ಕೂಸು ಬಾವಿಯತ್ತ ಅಂಬೆಗಾಲಿಟ್ಟಂತೆ. ಈರಪ್ಪ ತಡೆಯಲಾರದೆ ಎದ್ದ. “ಲೇ, ಗಂಜಿ ಕುಂಡ್ರಾಕತ್ತದ! ಎಳಿ ಎಲ್ಲಾ ಹಾಳಾಗತಾವ! ಕುಂಚ ತರ್ರಿ!”

ತಲೆಯ ಪಟಗ ಬಿಚ್ಚಿ ಸೊಂಟಕ್ಕೆ ಸುತ್ತಿಕೊಂಡು ಅಟ್ಟಕ್ಕೆ ನೆಗೆದೇ ಬಿಟ್ಟ. ಇಬ್ಬರು ಕೊಂಬು ಹಿಡಿದರು, ಇಬ್ಬರು ಗಡ್ಡದ ತುದಿ ಜಗ್ಗಿದರು. ಓಣಿಯಲ್ಲಿ ಚಾಚಿದ ನೂಲಿನ ಹಾಸಿನಂತೆ ಧೂಮಾಸುರ ಬಿಗಿಯಾದ. ಯಾರೋ ತಂದುಕೊಟ್ಟ ಕುಂಚವನ್ನು ಈರಪ್ಪ ಗಡ್ಡದುದ್ದಕ್ಕೂ ಎಳೆಯತೊಡಗಿದ.

“ರಾಕ್ಷಸಾ, ಹಿಂದಕ ಸರಿಯೋ! ಸಡಿಲ ಆಗಾಕತ್ತದ!”

ರಾಜಕುಮಾರನ ವೇಷದ ಪಾಯಪ್ಪ ಎತ್ತಿದ ಕತ್ತಿ ಇಳಿಸದೆ ಕೇಳಿದ: “ನಾ ಯಾವಾಗ ಕೊಲ್ಲಲಿ?”

“ತಡಿಯಪಾ, ಮದಲ ಒಣಗಲಿ!”

ಕಾರಭಾರಿಗಳು ಚಪ್ಪಾಳೆ ತಟ್ಟುತ್ತ ಎದ್ದರು. “ಶಾಬ್ಬಾಸ್! ರಾಜಕುಮಾರನ ದಾರಿ ಕಾಯದ, ಊರ ಮಂದಿಯೇ ರಾಕ್ಷಸನ್ನ ಕಟ್ಟಿ ಹಾಕೂದು! ಇಂಥಾ ಆಟ ಎಲ್ಲೂ ನೋಡಿಲ್ಲ. ಆದರ ಖರೆ ಹೇಳತೇನಿ, ರುಮಾಲು ಆ ರಾಕ್ಷಸಗ. ಏನ್ ಹೊಗಿ! ಏನ್ ಗತ್ತು!”

ಗಿರಿಮಲ್ಲಪ್ಪ ಕಣ್ಣು ತುಂಬಿಕೊಂಡು ತಲೆ ಬಾಗಿಸಿದ. ಹಳದಿ ಜರಿ ಮೂಗಿನ ಮುಂದೆಯೇ ಹೊಳೆಯಿತು.

“ಮದಲ ಕೊಂಬು ತಗೀರಿ,” ಎಂದರು ಕಾರಭಾರಿಗಳು.

ಮಾಸ್ತರ ಜಗ್ಗಿದ. ಮುತ್ತವ್ವ ಜಗ್ಗಿದಳು. ನಾಲ್ವರು ನೇಕಾರರು ಸೇರಿ ಜಗ್ಗಿದರು. ಗಿರಿಮಲ್ಲಪ್ಪ ನೆಲ ಬಿಟ್ಟು ಮೇಲೆದ್ದ. ಕಿರೀಟ ತಲೆ ಬಿಡಲಿಲ್ಲ.

“ನಮ್ಮ ಗಂಜಿ, ಸರಕಾರ!” ಮಂದಿಯ ನಡುವಿನಿಂದ ಶಂಕ್ರೆವ್ವ ಹೆಮ್ಮೆಯಿಂದ ಕೂಗಿದಳು. “ಹಿಡಿದಿದ್ದು ಬಿಡೂದಿಲ್ರಿ!”

ಎತ್ತಿದ ರುಮಾಲು ಹಾಗೇ ಇಳಿಸಿದರೆ ಅಪಶಕುನ. ಕಾರಭಾರಿಗಳು ಸುತ್ತ ನೋಡಿದರು. ಕುಂಚ ಹಿಡಿದು ಬರಿದಲೆಯಲ್ಲಿ ನಿಂತಿದ್ದ ಈರಪ್ಪ ಕಣ್ಣಿಗೆ ಬಿದ್ದ. “ರಾಕ್ಷಸನ್ನ ಹಣಿದ ವೀರ ಇವನ ಅಲ್ಲೇನು?” ಎಂದು ಅವನ ಬೋಳುತಲೆಗೇ ಸುತ್ತಿಬಿಟ್ಟರು. ಮದ್ದಳೆ ಮೊಳಗಿತು. ಇಡೀ ಬನಹಟ್ಟಿ ಎದೆ ಉಬ್ಬಿಸಿ ಕೇಕೆ ಹಾಕಿತು.

ಸಂಜೆ ಗಿರಿಮಲ್ಲಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕೊಂಬು ಬಾಗಿಲಲ್ಲಿ ತೂರುತ್ತಿರಲಿಲ್ಲ. ಓಣಿಯೆಲ್ಲ ಅವನನ್ನು ನೋಡಲು ಬಂತು. ಅವನೂ ನೆಟ್ಟಗೆ ಕೂತ. ಬಂದವರು ಗಡ್ಡದ ಒಂದೊಂದು ಎಳೆಯನ್ನೂ ಬೆರಳಲ್ಲಿ ತಿಕ್ಕಿ ನೋಡಿ, “ಭಾಳ ಛಲೋ ಕುಂಚ ಎಳದೀಯೋ ಈರಪ್ಪಾ!” ಎಂದು ಪಕ್ಕದ ಮನೆಯತ್ತ ನಡೆದರು.