ಗುಳಿಗೆಗಳಿಗೂ ಏಕಾದಶಿ

ಕುರುಗೋಡಿನಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಏಕಾದಶಿಯಂದು ಮನುಷ್ಯರಷ್ಟೇ ಅಲ್ಲ, ಗುಳಿಗೆಗಳೂ ಉಪವಾಸವಿರುತ್ತಿದ್ದವು! ನಗಬೇಡಿ. ಎಪ್ಪತ್ತೆಂಟು ದಾಟಿದ, ಹೆಡ್‌ಮಾಸ್ತರಾಗಿ ನಿವೃತ್ತರಾದ ಈ ಮಹಾನುಭಾವರ ಪ್ರಕಾರ ಬಿ.ಪಿ. ಗುಳಿಗೆಯೂ ಆಹಾರವೇ. ಗಂಟಲಲ್ಲಿ ಇಳಿದಮೇಲೆ ಅದು ಅವಲಕ್ಕಿಯಾದರೇನು, ಔಷಧಿಯಾದರೇನು?

"ಹಂಗಾದ್ರ ಒಂದು ದಿನದ ಗುಳಿಗಿ ತಪ್ತದಲ್ಲ ಮಾಮಾ?" ಎಂದು ಒಮ್ಮೆ ಕೇಳಿದೆ.

"ತಪ್ಪಸ್ತೀನಿ ಅಂತ ಯಾರಂದ್ರು? ಮರುದಿನ ದ್ವಾದಶಿ ಪಾರಣಿಗೆ ಎರಡೂ ದಿನದ್ದು ಕೂಡಿಸಿ ನುಂಗ್ತೀನಿ. ನಿನ್ಹಂಗ ಕಳ್ಳಾಟ ಆಡಂಗಿಲ್ಲ ನಾನು!"

ಗುಳಿಗೆಗಳಾದರೂ ಎಷ್ಟು! ಬಿ.ಪಿ.ಗೆ, ಸಕ್ಕರೆ ಕಾಯಿಲೆಗೆ ಎಂದು ಬರೋಬ್ಬರಿ ಹದಿನಾಲ್ಕು ಬಗೆ. ಯಾಕೆಂದರೆ ಮಾಮನಿಗೆ ಮೂವರು ಡಾಕ್ಟರು. ಬಳ್ಳಾರಿಯವರು ದೊಡ್ಡ ಡಾಕ್ಟರು, ಅವರ ಮಾತು ಮೀರುವಂತಿಲ್ಲ. ಸಿರುಗುಪ್ಪದವರು ಮಾಮನ ಹಳೆಯ ಶಿಷ್ಯ. ತಾವೇ ಕೈಹಿಡಿದು ಅಕ್ಷರ ತಿದ್ದಿಸಿದವನು ಚೀಟಿ ಬರೆದುಕೊಟ್ಟರೆ ಬೇಡವೆನ್ನಲಾದೀತೇ? ಕುರುಗೋಡಿನವರು ಪಕ್ಕದ ಮನೆಯವರು, ಬೆಳಗಾದರೆ ಮುಖ ನೋಡಬೇಕು. ಯಾರ ಮನಸ್ಸನ್ನೂ ನೋಯಿಸದೆ ಮೂವರ ಗುಳಿಗೆಯನ್ನೂ ಮಾಮ ನುಂಗುತ್ತಿದ್ದರು. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸಿ ಎಂದರೆ ಮಾತ್ರ ಸಿಡಿದೇಳುತ್ತಿದ್ದರು: "ಒಬ್ಬರ ಉತ್ತರಪತ್ರಿಕಿ ಇನ್ನೊಬ್ಬರಿಗೆ ತೋರಸ್ತಾರೇನು?"

ಅತ್ತೆಗೆ ಕಣ್ಣು ಕಾಣಿಸುವಂತಿದ್ದರೆ ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತೇನೋ. ಅವರ ದೃಷ್ಟಿ ಹೋಗಿ ಆರು ವರ್ಷವಾಯಿತು. ಅವರಿಗೆ ಜಡೆ ಹಾಕುವವರು, ತಟ್ಟೆಯಲ್ಲಿ ಅನ್ನ ಎಲ್ಲಿದೆ ಪಲ್ಯ ಎಲ್ಲಿದೆ ಎಂದು ಹೇಳುವವರು, ಕೈಹಿಡಿದು ಓಡಾಡಿಸುವವರು ಎಲ್ಲ ಮಾಮನೇ. ಕಳೆದ ದ್ವಾದಶಿಯಂದು ಎರಡು ದಿನದ ಗುಳಿಗೆ ನುಂಗಿ, ಅತ್ತೆಯನ್ನು ಹಿಡಿದುಕೊಂಡು ಹಿತ್ತಲಿಗೆ ಹೊರಟವರು ತಲೆ ತಿರುಗಿ ಬಿದ್ದರು. ಅತ್ತೆಯೂ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಮಾಮ ಹಾಸಿಗೆ ಹಿಡಿದರೆ ಅತ್ತೆಯ ಗತಿಯೇನು ಎಂಬ ಹೆದರಿಕೆಯಲ್ಲಿ ನಾನು ಬಳ್ಳಾರಿಯಿಂದ ಸಿಕ್ಕ ಬಸ್ಸು ಹತ್ತಿ ಬಂದೆ.

ಪಕ್ಕದ ಮನೆಯ ಡಾಕ್ಟರೇ ಸಭೆ ಕರೆದರು. ಪಡಸಾಲೆಯಲ್ಲಿ ಅವರು, ಔಷಧಿ ಅಂಗಡಿಯವರು, ಮನೆಮನೆಗೆ ಹೋಗಿ ಬಿ.ಪಿ. ನೋಡುವ ನರ್ಸಮ್ಮ; ಫೋನಿನಲ್ಲಿ ಉಳಿದಿಬ್ಬರು ಡಾಕ್ಟರು. ಸಭೆ ಅಂದಮೇಲೆ ಹೆಡ್‌ಮಾಸ್ತರು ಸುಮ್ಮನಿರುತ್ತಾರೆಯೇ? ಅಧ್ಯಕ್ಷತೆ ತಾವೇ ವಹಿಸಿ ಹಾಜರಿ ಕೂಗಿದರು!

"ಬಳ್ಳಾರಿ?"

"ಇದ್ದೀನ್ರಿ."

"ಸಿರುಗುಪ್ಪ?"

"ಹಾಜರ್ ಸಾರ್!" ಫೋನಿನಲ್ಲಿದ್ದ ಶಿಷ್ಯ ಅಲ್ಲೇ ಎದ್ದು ನಿಂತಿರಬೇಕು.

ಅಂಗಡಿಯವರು ಗುಳಿಗೆಗಳನ್ನೆಲ್ಲ ಮೊರಕ್ಕೆ ಸುರುವಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಕೂತರು. ಕಡೆಗೆ ಮೂರು ಶೀಟು ಎತ್ತಿ ಹಿಡಿದರು.

"ಸಾರ್, ಹೆಸರು ಬ್ಯಾರೆ ಬ್ಯಾರೆ, ಒಳಗಿನ ಔಷಧ ಒಂದ ಐತ್ರಿ. ಮೂರೂ ಬಿ.ಪಿ. ಗುಳಿಗಿನ!"

"ಬಣ್ಣ ಬ್ಯಾರೆ ಅದಲ್ಲ?"

"ಯೂನಿಫಾರಂ ಬ್ಯಾರೆ ಸಾರ್, ಹುಡುಗ ಒಬ್ಬನ!" ಎಂದಿತು ಸಿರುಗುಪ್ಪ.

ಅಂದರೆ ದಿನಕ್ಕೆ ಮೂರು ಪಾಲು, ದ್ವಾದಶಿಗೆ ಆರು ಪಾಲು! ತಲೆ ತಿರುಗದೆ ಇನ್ನೇನಾದೀತು? ಮೂವರು ಡಾಕ್ಟರೂ ಮಾತಾಡಿಕೊಂಡು ಹದಿನಾಲ್ಕನ್ನು ಆರಕ್ಕಿಳಿಸಿ ಒಂದೇ ಚೀಟಿ ಮಾಡಿದರು. ದಿನಕ್ಕೊಂದು ಖಾನೆಯಿರುವ ವಾರದ ಡಬ್ಬಿ ತುಂಬುವುದು ಅಂಗಡಿಯವರು, ಬಿ.ಪಿ., ಸಕ್ಕರೆ ನೋಡುವುದು ನರ್ಸಮ್ಮ, ದಿನಾ ಫೋನು ಮಾಡುವುದು ನಾನು ಎಂದಾಯಿತು.

"ಉಪವಾಸದ ದಿನ ಸಕ್ಕರಿ ಗುಳಿಗಿ ಬ್ಯಾಡ್ರಿ ಸಾರ್. ಉಳಿದವು ನೀರಿನ ಜೋಡಿ ತಗೊಳ್ರಿ. ಮರುದಿನ ಕೂಡಿಸಿ ನುಂಗೋದು ಬಿಲ್‌ಕುಲ್ ಬ್ಯಾಡ" ಎಂದರು ಪಕ್ಕದ ಮನೆಯ ಡಾಕ್ಟರು.

ಮಾಮ ಕೈಕಟ್ಟಿ ಕೂತುಬಿಟ್ಟರು. "ಐವತ್ತು ವರ್ಷದ ವ್ರತ. ಗುಳಿಗಿ ಸಲುವಾಗಿ ಮುರಿಯಂಗಿಲ್ಲ."

ನರ್ಸಮ್ಮ ಹೇಳಿ ಸೋತರು, ನಾನು ಜಗಳವಾಡಿ ಸೋತೆ. ಆಗ, ಅಷ್ಟು ಹೊತ್ತೂ ಗೋಡೆಗೊರಗಿ ಕೂತಿದ್ದ ಅತ್ತೆ ಬಾಯಿಬಿಟ್ಟರು.

"ಎಲ್ಲಾರಿಗೂ ಒಂದೊಂದು ಕೆಲಸ ಹಂಚಿದ್ರಿ. ನನಗೇನು ಕೊಟ್ರಿ?"

ಅತ್ತೆಯೇ ಮುಂದುವರಿಸಿದರು.

"ಆ ಡಬ್ಬಿ ನನ್ನ ಕೈಯಾಗ ಕೊಡ್ರಿ. ಮುಟ್ಟಿ ನೋಡಿ ನಾನ ಗುಳಿಗಿ ಕೊಡ್ತೀನಿ, ಏಕಾದಶಿ ದಿನಾನೂ. ವ್ರತ ಭಂಗ ಆದ್ರ ಆ ಪಾಪ ನನಗ ಬರ್ಲಿ. ಅವತ್ತು ಬೀಳೋವಾಗ ಇವರು ಎರಡೂ ಕೈಲೆ ನನ್ನ ಹಿಡದಿದ್ರು. ತಮ್ಮನ್ನ ಹಿಡಕೊಳ್ಳಲಿಕ್ಕೆ ಒಂದು ಕೈನೂ ಉಳಿಸಿಕೊಂಡಿರಲಿಲ್ಲ."

ಮಾಮ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಅಷ್ಟು ಹೊತ್ತು ಒರೆಸುವಂಥ ಧೂಳು ಅದರ ಮೇಲಿರಲಿಲ್ಲ.

ಮುಂದಿನ ಏಕಾದಶಿಗೆ ನಾನು ಅಲ್ಲಿಯೇ ಇದ್ದೆ. ಅತ್ತೆ ಸ್ನಾನ ಮುಗಿಸಿ ಬಂದು ಕೂತು, ಡಬ್ಬಿಯ ಮೇಲೆ ಬೆರಳಾಡಿಸಿ, ಅಂದಿನ ಗುಳಿಗೆಗಳನ್ನು ಅಂಗೈಗೆ ಹಾಕಿಕೊಂಡು, "ತಗೊಳ್ರಿ" ಎಂದು ಕೈಚಾಚಿದರು. ಚಾಚಿದ್ದು ಕಿಟಕಿಯ ಕಡೆಗೆ. ಮಾಮ ಕೂತಿದ್ದು ಬಾಗಿಲ ಹತ್ತಿರ.

ಜೀವಮಾನವಿಡೀ ಕಂಡಕಂಡವರ ತಪ್ಪು ತಿದ್ದಿದ ಮನುಷ್ಯ! ಅತ್ತೆಯನ್ನೂ ತಿದ್ದುತ್ತಾರೆಂದೇ ನಾನು ಕಾದೆ. ಮಾಮ ನನ್ನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟರು. ಸದ್ದಾಗದಂತೆ ಎದ್ದು ಹೋಗಿ, ಕಿಟಕಿಯ ಕೆಳಗೆ ಆ ಕೈಯ ಮುಂದೆ ಕೂತು, ಮೊದಲಿನಿಂದಲೂ ಅಲ್ಲೇ ಇದ್ದವರಂತೆ ಬಾಯಿ ತೆರೆದರು. ನನಗೆ ಅಳು ತಡೆಯಲಾಗಲಿಲ್ಲ.